ಅಪ್ಪ ಕೆಳಗಿಡದ ಫೋನು

ಶಿಡ್ಲಘಟ್ಟ
೧೭-೧೧-೧೯೬೩

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ಅಕ್ಕ, ಮಗು ಚೆನ್ನಾಗಿದ್ದಾರೆ ತಾನೆ? ಗೌರಿಬಿದನೂರಿಗೆ ಹೋದ ಮೇಲೆ ಅಕ್ಕನಿಗೆ ಉಣ್ಣಿಸುವ ಭರದಲ್ಲಿ ನೀನು ಉಣ್ಣುವುದನ್ನೇ ಮರೆತಿರುತ್ತೀಯ, ನನಗೆ ಗೊತ್ತು. ಮೇಲೂರಿನ ಮನೆಯ ಚಿಂತೆ ಬಿಡು. ರೇಷ್ಮೆ ಹುಳುಗಳು ಸೊಪ್ಪು ಚೆನ್ನಾಗಿ ಮೇಯುತ್ತಿವೆ. ನನ್ನ ಮುದ್ದೆ ಗಂಟುಗಂಟು ಎಂದು ಅಪ್ಪ ಗೊಣಗುತ್ತಲೇ ಇನ್ನೊಂದು ಹಾಕಿಸಿಕೊಳ್ಳುತ್ತಾನೆ.

ಮೊನ್ನೆ ಅಕ್ಕನ ಮನೆ ಪಕ್ಕದ ವೆಂಕಟರವಣಪ್ಪನವರ ಎಣ್ಣೆ ಮಿಲ್ಲಿನವರು ನಿನ್ನನ್ನು ಫೋನಿಗೆ ಕರೆದರಲ್ಲ, ಅದಕ್ಕೂ ಮೊದಲು ಇಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಮುರುಗಮಲ್ಲದ ಬಯ್ಯಪ್ಪನವರು ನನ್ನನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದ್ದಾರೆ, ಆದರೆ ಟೆಲಿಫೋನ್ ಕೆಲಸ ಬಿಡಬೇಕು ಎಂದಿದ್ದಾರೆ. ಬಿಡುವುದಿಲ್ಲ ಎಂದು ನಾನು ಅಪ್ಪನಿಗೆ ಹೇಳಿದೆ. ಅವನೋ, ನಿನ್ನನ್ನೊಂದು ಮಾತು ಕೇಳಿ ಅವರಿಗೆ ಹೂಂ ಅನ್ನೋಣವೆಂದು ಸೀದಾ ನಮ್ಮ ಅಂಚೆ ಕಛೇರಿಗೇ ಬಂದು, ಗೌರಿಬಿದನೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದ. ನನ್ನ ಕೆಲಸ ಬಿಡಿಸುವ ಕರೆಯನ್ನು ನಾನೇ ಜೋಡಿಸಬೇಕು! ನಗುವೂ ಬಂತು, ಸಿಟ್ಟೂ ಬಂತು.

ಟ್ರಂಕ್ ಕಾಲ್ ಎಂದರೆ ಬುಕ್ ಮಾಡಿ, ಫೋನ್ ಕೆಳಗಿಟ್ಟು, ತಮ್ಮ ಕೆಲಸಕ್ಕೆ ಹೋಗುವುದು. ಒಳಕೋಣೆಯ ಬೋರ್ಡಿನಲ್ಲಿ ನಾನು ಊರಿನವರ ಮಾತು ಜೋಡಿಸುತ್ತಿರುವಾಗಲೇ, ಬುಕ್ ಆದ ಕರೆಗಳು ಯಾರ ಕಣ್ಣಿಗೂ ಬೀಳದೆ ಚಿಕ್ಕಬಳ್ಳಾಪುರದ ಕಡೆಯಿಂದ ದಾರಿ ಮಾಡಿಕೊಳ್ಳುತ್ತಿರುತ್ತವೆ. ಲೈನ್ ಸಿಕ್ಕಾಗ ನಾನು ಹೇಳಿಕಳಿಸುತ್ತೇನೆ. ಗೂಡಿನ ವ್ಯಾಪಾರಿಗಳು ಅಷ್ಟು ಹೊತ್ತೂ ಮಾರ್ಕೆಟ್ಟಿನಲ್ಲಿರುತ್ತಾರೆ, ನಮ್ಮ ಪೇದೆ ಕೋನಪ್ಪ ಹೋಗಿ ಕರೆತರುತ್ತಾನೆ. ಅಪ್ಪ ಮಾತ್ರ ಹೊರಕೋಣೆಯ ಫೋನನ್ನು ಕಿವಿಗೊತ್ತಿಕೊಂಡು ನಿಂತುಬಿಟ್ಟ. ಗಳಿಗೆಗೊಮ್ಮೆ ಫೋನಿನ ಹಿಡಿ ತಿರುಗಿಸಿ, ಬಂತೇನಮ್ಮಣ್ಣಿ ಎಂದು ಕೇಳುವುದು. ಅವನು ತಿರುಗಿಸಿದಾಗೆಲ್ಲ ನನ್ನ ಬೋರ್ಡಿನಲ್ಲಿ ಕರೆ ಬಂತೆಂದು ತೋರಿಸುವ ಮುಚ್ಚಳ ಬೀಳುತ್ತದೆ, ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಉತ್ತರ ಕೊಡಬೇಕು. ಹಾಗೆ ಉತ್ತರ ಕೊಡುತ್ತಿದ್ದಾಗಲೇ ಚಿಕ್ಕಬಳ್ಳಾಪುರದ ಆಪರೇಟರ್ ಗೌರಿಬಿದನೂರು ಸಿಕ್ಕಿತೆಂದು ಕರೆದಳು. ನಾನು ತಿರುಗುವಷ್ಟರಲ್ಲಿ ಲೈನನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಅಪ್ಪ ಕಾವಲು ನಿಂತೇ ತನ್ನ ಸರದಿ ಕಳೆದುಕೊಂಡ.

ಸುಮ್ಮನೆ ಬಿಟ್ಟಿದ್ದರೆ ಅವನು ಬೇಸತ್ತು ಬಸ್ಸು ಹತ್ತುತ್ತಿದ್ದ, ನನ್ನ ಕೆಲಸ ಇನ್ನೊಂದು ವಾರವಾದರೂ ಉಳಿಯುತ್ತಿತ್ತು. ಆದರೆ ನನ್ನ ಬೋರ್ಡಿನಲ್ಲಿ ಒಂದು ಕರೆ ಹಾಳಾಯಿತು ಎನ್ನಿಸಿಕೊಳ್ಳುವುದು ನನ್ನಿಂದಾಗದಮ್ಮ. ಫೋನ್ ಕೆಳಗಿಡು ಎಂದೆ. ಅಪ್ಪ ಕೇಳಬೇಕಲ್ಲ.

"ಕೆಳಗಿಟ್ರೆ ಮುಗೀತು ಕಣಮ್ಮ, ಪಕ್ಕದ ಗದ್ದೆಯೋನು ನೀರು ತಿರುಗಿಸ್ಕೊಂಡಂಗೆ ತಿರುಗಿಸ್ಕೊಂಡ್ಬಿಡ್ತಾನೆ" ಎಂದ.

ಆಗ ನನಗೆ ನಮ್ಮೂರ ಕೆರೆಯ ತೂಬು ಬಿಟ್ಟು ಎಲ್ಲರ ಗದ್ದೆಗೂ ನೀರು ಹಂಚುವ ಮುನಿಶಾಮಪ್ಪ ನೆನಪಾದ.

"ನೀರುಗಂಟಿ ಮುನಿಶಾಮಪ್ಪ ಇರೋವಾಗ ನೀನು ಯಾವತ್ತು ಬದುವಿನ ಮೇಲೆ ಕಾದಿದ್ದೀಯಪ್ಪ? ನಿನ್ನ ಸರದಿ ಬಂದಾಗ ಅವನೇ ಕೂಗ್ತಾನೆ. ಇಲ್ಲಿ ನೀರುಗಂಟಿ ನಾನೇ."

ಅಪ್ಪ ಫೋನ್ ಕೆಳಗಿಟ್ಟು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ಮೂಟೆ ಇಳಿಸಿದ ಹಾಗಾಯಿತು ನನಗೆ. ಸ್ವಲ್ಪ ಹೊತ್ತಿಗೆ ಲೈನ್ ಸಿಕ್ಕಿತು, ಕೋನಪ್ಪ ಅವನನ್ನು ಕರೆತಂದ. ನಿನ್ನ ದನಿ ಕೇಳಿದ ತಕ್ಷಣ ಕಣ್ಣಲ್ಲಿ ನೀರು ಬಂತು. ನಿಮ್ಮಿಬ್ಬರನ್ನು ಜೋಡಿಸಿ, ನಾನು ಕೇಳಿಸಿಕೊಳ್ಳುವ ಕೀ ಮುಚ್ಚಿದೆ. ಕೇಳಬಹುದಿತ್ತು, ಕೇಳಲಿಲ್ಲ. ಅಪ್ಪ ಮುಗಿಸಿ, ನನ್ನ ಕಡೆ ನೋಡದೆ ಹೊರಟುಹೋದ. ಮನೆಯಲ್ಲೂ ಬಾಯಿ ಬಿಟ್ಟಿಲ್ಲ. ನೀವಿಬ್ಬರೂ ಏನೇ ತೀರ್ಮಾನ ಮಾಡಿದ್ದರೂ ನಾನು ಈ ಕೆಲಸ ಬಿಡುವವಳಲ್ಲ. ನಿನ್ನ ಮೇಲೆ ಸಿಟ್ಟಿಲ್ಲ, ಇದನ್ನು ನೇರವಾಗಿ ನಿನಗೆ ಹೇಳಬೇಕೆನಿಸಿತು.

ಅಕ್ಕ ಭಾವನಿಗೆ ನಮಸ್ಕಾರ ತಿಳಿಸು. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು. ನೀನು ಬಿಸಿಬಿಸಿ ಇರುವಾಗಲೇ ಊಟ ಮಾಡು.

ನಿನ್ನ ಹಟಮಾರಿ ಮಗಳು,
ಅಮ್ಮಾಜಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಮತ್ತೆ ಬಂದ. ಬಯ್ಯಪ್ಪನವರು ವ್ಯಾಪಾರಕ್ಕೆ ಬರುವ ಚಿಂತಾಮಣಿಯ ಮಂಡಿಗೆ, ಅವರ ಹೆಸರಿಗೆ ಕರೆ ಬುಕ್ ಮಾಡಿದ. ಏನು ವಿಷಯವೆಂದು ನಾನು ಕೇಳುವ ಹಾಗಿಲ್ಲ. ಅವನೇ ಹೊರಗಿನ ಫೋನಿನಲ್ಲಿ ನನಗೆ ಹೇಳಿದ: "ನಮ್ಮ ಹುಡುಗಿ ಕೆಲಸ ಬಿಡಲ್ಲ, ಹಂಗೇ ಒಪ್ಪೋದಾದ್ರೆ ಒಪ್ಪಿ ಅಂತ ಹೇಳ್ಬೇಕು ಅವ್ರಿಗೆ. ಸಿಕ್ಕಿದ್ರೆ ಕೂಗು, ಮಾರ್ಕೆಟ್‌ನಾಗಿರ್ತೀನಿ." ಕಿಟಕಿಯಿಂದ ನೋಡಿದೆ. ಫೋನನ್ನು ತಾನಾಗಿಯೇ ಕೆಳಗಿಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗೇಬಿಟ್ಟ. ಚಿಂತಾಮಣಿ ಕರೆಯುತ್ತಿದೆ, ಬರಲೇ ಅಮ್ಮ?