ಎಡಗೈಯಲ್ಲಿ ಕೊಟ್ಟ ಕಷಾಯ

ಸಾನಪಾಡಾ
24 ಜುಲೈ 2025, ಆಟಿ ಅಮಾವಾಸ್ಯೆ

ನನ್ನ ನಿಕಿತಾ,

ಇವತ್ತು ಬೆಳಿಗ್ಗೆ ಕಷಾಯದ ಲೋಟ ಹಿಡಿದು ಬಂದ ಅಮ್ಮನ ಬಲಗೈ ಮಣಿಕಟ್ಟಿನ ಬಾಗಿದ ಸುಟ್ಟ ಕಲೆಯನ್ನು ಮೊದಲ ಸಲವೆಂಬಂತೆ ನೋಡಿದೆ. ಪಪ್ಪ ನಸುಕಿನಲ್ಲೇ ರಸ್ತೆಬದಿಯ ಹಾಲೆ ಮರದಿಂದ ಕಲ್ಲಿನಲ್ಲಿ ಜಜ್ಜಿ ತೊಗಟೆ ತಂದಿದ್ದರು. ಅಮ್ಮ ಎಂದಿನಂತೆ ಎಡ ಅಂಗೈಯಿಂದ ನನ್ನ ಕಣ್ಣು ಮುಚ್ಚಿ, ಬಲಗೈಯಿಂದ ಕುಡಿಸಿದಳು. "ಕಷಾಯ ಕಂಡ್ರೆ ಓಡ್ತಿಯಲ್ಲ ಮಾರಾಯ್ತಿ!"

ಆಟಿ ಅಮಾವಾಸ್ಯೆಯ ಈ ಕಹಿ ಕಷಾಯವನ್ನು ನಮ್ಮ ಕರಾವಳಿಯ ಊರಿನವರೆಲ್ಲ ಕುಡಿಯುತ್ತಾರೆ. ಕಣ್ಣು ಮುಚ್ಚುವುದು ನಮ್ಮ ಮನೆಯಲ್ಲಿ ಮಾತ್ರ. ಹಾಗಿದ್ದರೆ ನಿಮ್ಮ ಸ್ಟುಡಿಯೋ ಅಮೆರಿಕದವರಿಗಾಗಿ ಮಾಡುತ್ತಿರುವ ಆನಿಮೇಷನ್ ಸಿನಿಮಾದ ಅಜ್ಜಿಗೆ ಅದು ಹೇಗೆ ಗೊತ್ತಾಯಿತು?

ಹೋದ ವಾರ ನೀನು ಆ ತುಣುಕು ತೋರಿಸಿ, ಸಂಸ್ಕೃತಿ ಸಲಹೆಗಾರಳೆಂದು ನನ್ನ ಹೆಸರು ಬರುತ್ತದೆ ಎಂದಾಗ ಖುಷಿಪಟ್ಟಿದ್ದೆ. ಎಂ.ಎ. ಆದಮೇಲೆ ಸಿಕ್ಕಿದ ಮೊದಲ ಕೆಲಸ. ಅಜ್ಜಿ ಗುಹೆಯಲ್ಲಿದ್ದಳು, ಹಿಂದೆ ಆನೆಯಿತ್ತು, ಕಷಾಯ ಚಿನ್ನದಂತೆ ಹೊಳೆಯುತ್ತಿತ್ತು. ಅವರಿಗೆ ನಾವು ಹಾಗೇ ಕಾಣುತ್ತೇವೇನೋ ಎಂದುಕೊಂಡೆ. ಆದರೆ ಅಜ್ಜಿ ಎಡಗೈಯಲ್ಲಿ ಕುಡಿಸುತ್ತಾಳೆ. ನಮ್ಮ ಹಿರಿಯರು ಯಾರಾದರೂ ಮದ್ದನ್ನು ಎಡಗೈಯಲ್ಲಿ ಕೊಡುತ್ತಾರೆಯೇ ಎಂದು ಕೇಳಿದೆ. "ಅವರ ಕಲ್ಪನೆ ಯಾರ್, ಜಾನೇ ದೇ" ಎಂದು ಮಾತು ತೇಲಿಸಿ ನೀನು ಪರದೆ ಮುಚ್ಚಿದೆ.

ಆ ಎಡಗೈಯಲ್ಲೂ ಒಂದು ಬಾಗಿದ ಗುರುತಿದೆ. ಸಿನಿಮಾದಲ್ಲಿ ಅದು ನಾಗಶಕ್ತಿಯ ಮುದ್ರೆ. ನಮ್ಮ ಮನೆಯಲ್ಲಿ ಅದು ಅಮ್ಮನಿಗೆ ಪಪ್ಪನ ಕ್ಯಾಂಟೀನಿನ ಬಾಣಲೆ ತಾಗಿದ್ದು.

ಹೀಗೆ ಕಣ್ಣು ಮುಚ್ಚಿ ಬೇರೆ ಯಾರಿಗಾದರೂ ಕುಡಿಸಿದ್ದೀಯಾ ಎಂದು ಅಮ್ಮನನ್ನು ಕೇಳಿದೆ. "ಹೋದ ವರ್ಷ ಆಟಿಗೆ ನಿಕಿತಾ ಬಂದಿದ್ಲಲ್ಲ, ನೀನು ಸ್ನಾನಕ್ಕೆ ಹೋದಾಗ 'ಆಂಟಿ, ನಂಗೂ ಹಾಗೇ ಕುಡಿಸಿ' ಅಂತ ಪಕ್ಕದಲ್ಲೇ ಕೂತು ಸೆಲ್ಫಿ ವಿಡಿಯೋ ಮಾಡಿದ್ಲು" ಎಂದಳು. ನಿನ್ನ ಫೋನಿನ ಸೆಲ್ಫಿಯಲ್ಲಿ ಬಲ ಎಡವಾಗುತ್ತದೆ, ಟೀ ಶರ್ಟಿನ ಅಕ್ಷರಗಳೂ ಉಲ್ಟಾ ಕಾಣುತ್ತವೆ ಎಂದು ನಾವೇ ನಕ್ಕಿದ್ದೇವೆ. ಅಮೆರಿಕದವರು ಕಲ್ಪಿಸಿಕೊಂಡಿಲ್ಲ, ನೀನು ಕಳಿಸಿದ ವಿಡಿಯೋವನ್ನು ಹಾಗೇ ಚಿತ್ರಿಸಿದ್ದಾರೆ. ಆಮೇಲೆ ಗುಹೆಯಲ್ಲಿ ಕೂರಿಸಿದ್ದಾರೆ.

ಫೋನಿನಲ್ಲಾದರೆ ಇಷ್ಟು ಹೇಳಲು ನನ್ನಿಂದಾಗುತ್ತಿರಲಿಲ್ಲ, ಅದಕ್ಕೇ ಪತ್ರ.

ಸೋಮವಾರ ಅಮ್ಮನನ್ನು ನಿಮ್ಮ ಸ್ಟುಡಿಯೋಗೆ ಕರೆತರುತ್ತೇನೆ. ಅವಳು ನೋಡಲಿ. ಅವಳು ಬೇಡವೆಂದರೆ ಆ ಅಜ್ಜಿಯನ್ನು ತೆಗೆಯಲು ನೀನೇ ಅವರಿಗೆ ಹೇಳಬೇಕು. ಒಪ್ಪಿದರೆ ಪುಷ್ಪಾವತಿ ಎಂಬ ಅವಳ ಹೆಸರು ಬರಲಿ. ಎರಡರಲ್ಲಿ ಯಾವುದಾದರೂ ನನ್ನ ಹೆಸರು ಬೇಡ.

ಇನ್ನೂ ನಿನ್ನ ಗೆಳತಿಯೇ ಆಗಿರುವ,
ಮಾನಸಿ

ಮರೆತ ವಿಷಯ: ಅಮ್ಮನಿಗೆ ಸಿನಿಮಾದ ವಿಷಯ ಹೇಳಿಲ್ಲ, ನಿನ್ನನ್ನು ನೋಡಲು ಹೋಗುವುದು ಎಂದಷ್ಟೇ ಹೇಳಿದ್ದೇನೆ. ನಿನಗೆ ಕೆಸುವಿನೆಲೆಯ ಪತ್ರೊಡೆ ತರುತ್ತಾಳಂತೆ. "ಆ ವಿಡಿಯೋ ಯಾರಿಗೂ ತೋರಿಸ್ಲಿಲ್ಲ ಅಲ್ವಾ ಅವಳು? ನಾನು ಹಳೇ ನೈಟಿಯಲ್ಲಿದ್ದೆ" ಎಂದು ಕೇಳಿದಳು. ಉತ್ತರ ನೀನೇ ಕೊಡು.