ಬೇಡ ಅನ್ನುವವನ ಕುರ್ಚಿ

ಸುಕ್ರೆ, ಆಗಸ್ಟ್ 14, ಬುಧವಾರ

ಬೇಡ ಅನ್ನುವವರಿಲ್ಲದೆ ಇವತ್ತು ಸಭೆ ನಿಂತುಬಿಟ್ಟಿತ್ತು. ನಾಟಕದವರಿರಲಿ, ನೆರೆ ಸಂತ್ರಸ್ತರಿರಲಿ, ಮನೆಯವರೊಬ್ಬರು ವಿರೋಧಿಸದೆ ನಮ್ಮ ಪ್ರತಿಷ್ಠಾನ ನೆರವು ಕೊಡಕೂಡದೆಂಬುದು ಅಪ್ಪನ ಕಟ್ಟಪ್ಪಣೆ. ಮೂವತ್ತು ವರ್ಷ ಆ ಕೆಲಸ ಅಣ್ಣ ಅನ್ಸೆಲ್ಮೋನದು. ಅವನು ತೀರಿಕೊಂಡು ಮೂರು ತಿಂಗಳು. ಮನೆಯವರೆಂದು ಉಳಿದವಳು ನಾನೊಬ್ಬಳೇ.

ಗಣಿ ಊರಿನ ಹೆಂಗಸರ ರೇಡಿಯೋ ಕೇಂದ್ರದ ಅರ್ಜಿ ಓದಿ ಮುಗಿಸಿದ ಕಾರ್ಯದರ್ಶಿ ರೆಮಿಹಿಯೋ ಖಾಲಿ ಕುರ್ಚಿ ನೋಡಿದ.

"ನೀನೇ ಬೇಡ ಅನ್ನಪ್ಪಾ," ಎಂದೆ.

"ನಾನು ಸಂಬಳದವ್ನು, ದೋನ್ಯಾ. ಬೈಯೋ ಹಕ್ಕು ಮನೆಯವ್ರದ್ದು."

ಅಣ್ಣನ ಕುರ್ಚಿಯಲ್ಲಿ ಕೂತು, ಅವನಂತೆಯೇ ಮೇಜು ಕುಟ್ಟಿದೆ: "ಈ ಕಾಲ್ದಲ್ಲಿ ರೇಡಿಯೋ ಯಾರೇ ಕೇಳ್ತಾರೆ, ಹುಚ್ಚಿ?"

ಉತ್ತರ ನಾಲಿಗೆ ತುದಿಯಲ್ಲಿತ್ತು. ಹೇಳೋಣವೆಂದು ನನ್ನ ಕುರ್ಚಿಗೆ ಮರಳಿದೆ. ಎದುರಿನ ಕುರ್ಚಿ ಮತ್ತೆ ಖಾಲಿ. ಅರ್ಜಿಗೆ ಸಹಿ ಹಾಕಿದೆ.

ವಾದದಲ್ಲಿ ಸೋತ ದಿನ ಅಣ್ಣ ರಾತ್ರಿ ಫೋನ್ ಮಾಡಿ ಇನ್ನೊಂದು ಸುತ್ತು ಬೈಯುತ್ತಿದ್ದ. ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ಯಾಕೋ.