ಹತ್ತಿರದಿಂದ ದೂರಕ್ಕೆ

ಮನೆ, ಅಡುಗೆಕೋಣೆಯ ಮೇಜು
ಭಾನುವಾರ, ಫೆಬ್ರುವರಿ ೧೫, ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಇವತ್ತು ಬೆಳಿಗ್ಗೆ ನಿಮ್ಮ ಮಗಳು ಬುಗುರಿ ಚಪ್ಪಲಿ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ನಿಮ್ಮ ಕೋಣೆಯ ಮುಂದೆ ತುದಿಗಾಲಲ್ಲಿ ದಾಟಿಹೋದಳು. ಅಣ್ಣ ರಾತ್ರಿ ಬಸ್ಸಿನ ಡ್ಯೂಟಿ ಮುಗಿಸಿ ಇನ್ನೂ ಬಂದಿರಲಿಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ. ಅದನ್ನು ನೋಡಿದ ಮೇಲೆ ನಿಮಗೆ ಬರೆಯದೆ ಇರಲಾಗಲಿಲ್ಲ. ಅದಿರಲಿ, ಮೊದಲು ನಿಮ್ಮ ಕ್ಷೇಮ ಹೇಳಿ. ವಾರ್ಡಿನಲ್ಲಿ ನಿಂತೂ ನಿಂತೂ ಊದಿಕೊಳ್ಳುತ್ತಿದ್ದ ಪಾದ ಹೇಗಿದೆ? ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀರಾ? ‘ಊರವರ ಬಿ.ಪಿ. ನೋಡ್ತಾಳೆ, ತನ್ನದು ನೋಡ್ಕೊಳ್ಳಲ್ಲ’ ಎಂದು ಅಣ್ಣ ಗೊಣಗುತ್ತಲೇ ಇರುತ್ತಾನೆ. ಅವನು ಚೆನ್ನಾಗಿದ್ದಾನೆ, ಹಗಲೆಲ್ಲ ಗೊರಕೆ, ಪಾತ್ರೆ ಸದ್ದಾದರೆ ರೇಗಾಟ. ಬುಗುರಿಯ ಮುಂದಿನ ಹಲ್ಲು ಬಿದ್ದಿದೆ. ನಿನ್ನೆ ಫೋನಿನಲ್ಲಿ ಅವಳ ‘ಸ’ ಎಲ್ಲ ಗಾಳಿಯಾಗಿ ಹೋಗುತ್ತಿದ್ದುದು ನಿಮಗೂ ಕೇಳಿಸಿರಬೇಕು. ನನಗೆ ಫೋನಿನಲ್ಲಿ ಮಾತು ಹೊರಡುವುದಿಲ್ಲವೆಂದು ನಿಮಗೆ ಗೊತ್ತು. ಹೊರಟರೂ, ಅವಳು ನನ್ನ ಭುಜಕ್ಕೆ ಅಂಟಿಕೊಂಡೇ ಇರುತ್ತಾಳಲ್ಲ.

ಆಸ್ಪತ್ರೆಯವರು ನರ್ಸ್ ಕೆಲಸಕ್ಕೆ ನಿಮ್ಮನ್ನು ಇನ್ನೊಂದು ವರ್ಷ ಅಲ್ಲೇ ಉಳಿಸಿಕೊಂಡ ಸುದ್ದಿಯನ್ನು ನಾನೂ ಅಣ್ಣನೂ ಅವಳ ಮುಂದೆ ಎತ್ತಿಲ್ಲ. ಪರೀಕ್ಷೆ ಮುಗಿದ ಮೇಲೆ ನೀವು ಬರುತ್ತೀರಿ ಎಂಬಲ್ಲಿಗೇ ಅವಳ ಲೆಕ್ಕ ನಿಂತಿದೆ. ‘ಒಮ್ಮೆಲೇ ಹೇಳ್ಬೇಡ ಕಣೇ. ಮೊದಲು ಸ್ವಲ್ಪ ತಡ ಆಗುತ್ತಂತೆ ಅನ್ನು. ಆಮೇಲೆ ರಜೆ ಕಳೀಲಿ ಅನ್ನು. ಹಾಗೇ ಮೆಲ್ಲಗೆ’ ಎಂದಿದ್ದಿರಿ. ಅಣ್ಣನೂ ಹೂಂಗುಟ್ಟಿದ್ದಾನೆ. ನಾನೂ ಒಪ್ಪಿಕೊಂಡಿದ್ದೆ.

ಈ ನಡುವೆ ನಮ್ಮ ಶಾಲೆಯಲ್ಲಿ ಪಠ್ಯಕ್ರಮವನ್ನು ಹೊಸದಾಗಿ ಜೋಡಿಸುವ ಗಡಿಬಿಡಿ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ದೊಡ್ಡ ಮೇಡಂ ಕನ್ನಡ ಕಲಿಸುವ ನನ್ನನ್ನೂ ಸಮಿತಿಗೆ ಸೇರಿಸಿಕೊಂಡರು. ಟೀಚರುಗಳ ಕೋಣೆಯ ಗೋಡೆಗೆ ಈ ತುದಿಯಿಂದ ಆ ತುದಿಗೆ ಹಗ್ಗಗಳು, ತರಗತಿಗೊಂದು. ಅದರ ಮೇಲೆ ಪಾಠದ ಚೀಟಿಗಳನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸುವುದು, ಮತ್ತೆ ತೆಗೆಯುವುದು, ಜಗಳವಾಡುವುದು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಅಂದರೆ ಮೊದಲು ಮನೆ, ಆಮೇಲೆ ಬೀದಿ, ಊರು, ದೇಶ. ಒಂದೇ ವಿಷಯ ವರ್ಷ ವರ್ಷವೂ ತಿರುಗಿ ಬರಬೇಕು, ಪ್ರತಿ ಸಲ ಸ್ವಲ್ಪ ದೊಡ್ಡದಾಗಿ. ಭಾಷೆ, ಲೆಕ್ಕ, ಚಿತ್ರ ಒಂದೊಂದು ಒಂದೊಂದು ಕಡೆ ಎಳೆಯದೆ ಒಂದೇ ವಿಷಯವನ್ನು ಹಿಡಿದು ಜೊತೆಗೆ ನಡೆಯಬೇಕು. ಕೇಳಿದಾಗ ನನಗೆ ಬಹಳ ಚಂದ ಕಂಡಿತು. ಈಗಲೂ ಅದರಲ್ಲಿ ಇಂಥದ್ದೇ ತಪ್ಪು ಎಂದು ಬೆರಳಿಟ್ಟು ತೋರಿಸಲು ನನಗೆ ಬರುವುದಿಲ್ಲ.

ಎಲ್ಲಕ್ಕೂ ಮೊದಲ ವಿಷಯ ‘ನನ್ನ ಮನೆ’. ಅದನ್ನು ಈ ಸಲ ಬುಗುರಿಯ ಎರಡನೇ ಕ್ಲಾಸಿನಲ್ಲೇ ಪ್ರಯೋಗಕ್ಕೆಂದು ಮಾಡಿ ನೋಡಿದರು. ಮನೆಯವರ ಚಿತ್ರ ಬರೆಯಿರಿ ಎಂದಾಗ ಅವಳು ಹಾಳೆಯ ತುಂಬ ರೈಲು ಹಳಿ ಎಳೆದಳು. ಹಳಿ ಮುಗಿದಲ್ಲಿ ಸಮುದ್ರ, ಸಮುದ್ರದ ಆಚೆ ಎತ್ತರದ ಕಟ್ಟಡ, ಅದರ ಕಿಟಕಿಯಲ್ಲಿ ಎಳ್ಳಿನಷ್ಟು ನೀವು. ಅವಳ ಟೀಚರ್ ಕೆಟ್ಟವರಲ್ಲ, ಮಕ್ಕಳನ್ನು ಗದರುವವರೂ ಅಲ್ಲ. ‘ತುಂಬಾ ಚೆನ್ನಾಗಿದೆ ಕಣಮ್ಮ, ಆದ್ರೆ ಸಮುದ್ರ ನಾಲ್ಕನೇ ಕ್ಲಾಸಲ್ಲಿ ಬರುತ್ತೆ. ಈಗ ಮನೆ ಒಳಗೆ ಇರೋರನ್ನ ಮಾತ್ರ ಬರಿ’ ಎಂದು ಹೊಸ ಹಾಳೆ ಕೊಟ್ಟರಂತೆ. ಬುಗುರಿ ಬರೆದಳು. ಒಳಕೋಣೆಯಲ್ಲಿ ನೀವು ಗಲ್ಲದವರೆಗೆ ಹೊದ್ದು ಮಲಗಿದ್ದೀರಿ. ಭಾಷೆಯ ಪಿರಿಯಡ್ಡಿನಲ್ಲಿ ‘ಬೆಳಿಗ್ಗೆ ಎದ್ದು ಅಮ್ಮ ಏನು ಮಾಡುತ್ತಾರೆ?’ ಎಂದು ಕೇಳಿದ್ದಕ್ಕೆ ‘ಅಮ್ಮ ಇನ್ನೂ ಎದ್ದಿಲ್ಲ’ ಎಂದು ಬರೆದಳು. ಲೆಕ್ಕದಲ್ಲಿ ಮನೆಗೆ ಎಷ್ಟು ತಟ್ಟೆ ಬೇಕೆಂದರೆ ನಾಲ್ಕು ಎಂದಳು. ಮೂರರಲ್ಲೂ ಪೂರ್ತಿ ಅಂಕ. ‘ನಿಮ್ಮನೇಲಿ ಎಲ್ಲರೂ ಮಲಗೇ ಇರ್ತಾರೇನ್ರೀ?’ ಎಂದು ಆ ಟೀಚರ್ ವರಾಂಡದಲ್ಲಿ ನನ್ನನ್ನು ತಡೆದು ನಕ್ಕರು. ನಾನೂ ನಕ್ಕೆ. ಅಣ್ಣನ ನಿದ್ದೆಯನ್ನು ಕುರಿತು ಹೇಳುತ್ತಿದ್ದಾರೆಂದುಕೊಂಡಿದ್ದೆ. ಆಮೇಲೆ ಹಾಳೆಗಳನ್ನು ತೋರಿಸಿದರು.

ಈಗ ಅದು ಶಾಲೆಯಿಂದ ಮನೆಗೂ ಬಂದಿದೆ ಅತ್ತಿಗೆ. ನಿಮ್ಮ ಕೋಣೆಯ ಬಾಗಿಲು ತೆರೆದಿದ್ದರೆ ಮುಚ್ಚುತ್ತಾಳೆ. ನಾನು ಜೋರಾಗಿ ಕರೆದರೆ ಬಾಯಿಗೆ ಬೆರಳಿಡುತ್ತಾಳೆ. ಗುರುವಾರ ಸಂಜೆ ಊಟಕ್ಕೆ ನಾಲ್ಕು ತಟ್ಟೆ ಹಾಕಿದಳು. ಅಣ್ಣ ಆ ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ಅರ್ಧಂಬರ್ಧ ಉಂಡು ಡ್ಯೂಟಿಗೆ ಹೊರಟುಹೋದ.

ಮಾರನೆಯ ದಿನವೇ ಸಮಿತಿಯ ಕೊನೆಯ ಸಭೆ. ‘ನನ್ನ ಮನೆ’ಯನ್ನು ಮೊದಲ ಐದೂ ತರಗತಿಗೆ ಖಾಯಂ ಮಾಡುವುದೆಂದು ತೀರ್ಮಾನವಾಗುತ್ತಿತ್ತು. ನಾನು ಬಾಯಿ ತೆರೆದೆ ಎಂದರೆ ನೀವು ನಂಬುವುದಿಲ್ಲ. ‘ಹತ್ತಿರ ಅಂದ್ರೆ... ಯಾರಿಗೆ ಹತ್ತಿರ, ಮೇಡಂ?’ ಎಂದೆ. ಧ್ವನಿ ನನ್ನದೇ ಎಂದು ನನಗೇ ಅನಿಸಲಿಲ್ಲ. ಲೆಕ್ಕದ ಮೇಷ್ಟ್ರು ಬಿಡುತ್ತಾರೆಯೇ? ‘ಸಾಹಿತ್ಯದವರು ಬಂದ್ರು ನೋಡಿ, ಇನ್ಮೇಲೆ ಕಿಲೋಮೀಟರಿಗೂ ಕಣ್ಣೀರು ಬರುತ್ತೆ!’ ಎಲ್ಲರೂ ನಕ್ಕರು. ದೊಡ್ಡ ಮೇಡಂ ಮಾತ್ರ ನಗಲಿಲ್ಲ. ನಾನು ಬುಗುರಿಯ ವಿಷಯ ತಡವರಿಸಿಕೊಂಡು ಹೇಳುವವರೆಗೂ ಕಾದು, ‘ಇಷ್ಟು ಮಕ್ಕಳಿಗೆ ಒಂದು ಕ್ರಮ ಅಂತ ಬೇಕಲ್ಲಮ್ಮ. ಒಂದು ಮಗು ಸುಳ್ಳು ಹೇಳಿ ಪಾಠ ದಾಟ್ತಿದೆ ಅಂದ್ರೆ, ಅದಕ್ಕೆ ನಿಜ ಹೇಳಬೇಕಾದವರು ಮನೆಯವರು’ ಎಂದರು. ಆಮೇಲೆ ಚೀಟಿಗಳನ್ನು ಹಗ್ಗಕ್ಕೆ ಸಿಕ್ಕಿಸಿದವಳು ನಾನೇ.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಪ್ರಯತ್ನಿಸಿದೆ, ಬರಲಿಲ್ಲ. ಮನೆಯಲ್ಲಿ ನಾವು ಮಾಡುತ್ತಿರುವುದಾದರೂ ಏನು? ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಶಾಲೆಯಲ್ಲಾದರೆ ಮುಂದೆ ಇನ್ನೊಂದು ಪಾಠ ಇದೆಯೆಂದು ಮಗುವಿಗೆ ಗೊತ್ತಿರುತ್ತದೆ. ಇಲ್ಲಿ ಅವಳಿಗೆ ಅದೂ ಗೊತ್ತಿಲ್ಲ. ನಿಮ್ಮ ಮೇಲೆ ದೂರು ಹೇಳುತ್ತಿಲ್ಲ, ಅತ್ತಿಗೆ. ಅಲ್ಲಿ ನೀವು ಹೇಗೆ ದಿನ ದೂಡುತ್ತಿದ್ದೀರೆಂದು ನಾನು ಬಲ್ಲೆ. ನನ್ನ ಓದು ಮುಗಿಯುವವರೆಗೆ ನನಗಾಗಿ ಈ ಮನೆಯಲ್ಲಿ ವಾದ ಮಾಡಿದವರು ನೀವು. ನೀವು ಹೇಳಿದ ಮಾತನ್ನು ನಾನು ಇದುವರೆಗೆ ಮೀರಿದವಳಲ್ಲ.

ಪಾದಕ್ಕೆ ಬಿಸಿನೀರು ಇಟ್ಟುಕೊಳ್ಳಿ, ಸೋಮಾರಿತನ ಮಾಡಬೇಡಿ. ಅಣ್ಣ ನಿಮ್ಮ ಕ್ಷೇಮ ಕೇಳಿದೆನೆಂದು ತಿಳಿಸಲು ಹೇಳಿದ್ದಾನೆ. ಉಳಿದಿದ್ದನ್ನು ಅವನ ಗೊರಕೆ ಹೇಳುತ್ತಿದೆ. ಬುಗುರಿಯ ಮುತ್ತುಗಳು, ಹಲ್ಲಿಲ್ಲದವು, ಬೇಕಾದಷ್ಟು.

ನಿಮ್ಮ ನಾದಿನಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬುಗುರಿ ಬಂದು ಕೂತಳು. ‘ಅತ್ತೆ, ಮೂರನೇ ಕ್ಲಾಸಲ್ಲೂ “ನನ್ನ ಮನೆ” ಬರುತ್ತಾ?’ ಎಂದಳು. ಹೌದು, ಪ್ರತಿ ವರ್ಷ ಬರುತ್ತೆ, ಸ್ವಲ್ಪ ಸ್ವಲ್ಪ ದೊಡ್ಡದಾಗಿ ಎಂದೆ, ಸಮಿತಿಯವಳ ಹಾಗೆ. ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ, ‘ಹಾಗಾದ್ರೆ ಮುಂದಿನ ವರ್ಷಾನೂ ಅಮ್ಮನ್ನ ಮಲಗಿಸೇ ಬರೀಬೇಕಾ?’ ಎಂದು ಕೇಳಿದಳು. ಅವಳಿಗೆ ಅರ್ಧ ಗೊತ್ತಿದೆ ಅತ್ತಿಗೆ. ಉಳಿದರ್ಧವನ್ನು ಒಬ್ಬಳೇ ಹೊತ್ತುಕೊಂಡಿದ್ದಾಳೆ. ಸಂಜೆ ಅಣ್ಣ ಎದ್ದ ಮೇಲೆ, ಅವನೆದುರಿಗೇ, ಪೂರ್ತಿ ಒಂದು ವರ್ಷವನ್ನೂ ಒಂದೇ ಸಲಕ್ಕೆ ಹೇಳಿಬಿಡುತ್ತೇನೆ. ನಿಮ್ಮನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಾಳೆ ಕೊರಿಯರಿಗೆ ಹಾಕುವ ಈ ಕಾಗದ ಶನಿವಾರದೊಳಗೆ ನಿಮ್ಮ ಕೈ ಸೇರಬಹುದು, ಅಷ್ಟು ಹೊತ್ತಿಗೆ ಹೇಳಿ ಆಗಿರುತ್ತದೆ. ಶನಿವಾರ ಅವಳು ಫೋನಿನಲ್ಲಿ ಅಳಬಹುದು, ನಿಮ್ಮ ಮೇಲೆ ಕೂಗಾಡಬಹುದು. ಅವತ್ತು ಡ್ಯೂಟಿಯ ನಡುವೆ ಫೋನ್ ಮಾಡಬೇಡಿ, ಪುರುಸೊತ್ತು ಮಾಡಿಕೊಂಡು ಮಾಡಿ.